ಕಲ್ನಾರಿನ ರೋಗವೂ ಮರಣದ ದಫ್ತರವೂ

ಬಿಳಿಗಿರಿರಂಗನ ಬೆಟ್ಟದ ಸುತ್ತಣ ಸೀಮೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ದಫ್ತರಗಳದು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದು ಮೈಸೂರಿನ ಲೆಕ್ಕದಲ್ಲಿ ಉಳಿಯಿತು. ಕೊಳ್ಳೇಗಾಲವು 1956ರವರೆಗೆ ಮದರಾಸಿನ ಆಡಳಿತಕ್ಕೊಳಪಟ್ಟ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದಿನ ಚಾಮರಾಜನಗರ ಜಿಲ್ಲೆ ಹುಟ್ಟಿದುದು 1997ರಲ್ಲಿ. ಒಂದೇ ಬೆಟ್ಟದ ಆಚೀಚೆಯ ಸಾವುಗಳು ಹೀಗೆ ಎರಡು ಸರಕಾರಗಳ ಪುಸ್ತಕಗಳಿಗೆ ಹಂಚಿಹೋಗಿವೆ. ಆಂಗ್ಲರ ಕಾಲದ ಮರಣದ ಲೆಕ್ಕಗಳಲ್ಲಿ ಬಹುಪಾಲು ಸಾವುಗಳಿಗೆ ‘ಜ್ವರ’ವೆಂಬ ಒಂದೇ ತಲೆಬರಹ. ಇಂತಹ ದಫ್ತರಗಳ ಪರಂಪರೆಯುಳ್ಳ ನಾಡಿನಲ್ಲಿ ಒಂದು ರೋಗವು ವಿರಳವೆಂದು ಹೇಳುವುದಕ್ಕೆ ಆಧಾರವೇನು? ಮೆಸೊಥೆಲಿಯೋಮಾ ಎಂಬ ಅರ್ಬುದರೋಗವನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ವೈದ್ಯರ ವಿಷಯದಲ್ಲಿ ಚರಿತ್ರಕಾರರು ಕೈಹಾಕುವುದೇಕೆಂದು ಓದುಗರು ಕೇಳಬಹುದು. ಈ ರೋಗಕ್ಕೂ ಅದರ ಕಾರಣಕ್ಕೂ ನಡುವೆ ಸಾಮಾನ್ಯವಾಗಿ ಇಪ್ಪತ್ತರಿಂದ ಐವತ್ತು ವರ್ಷಗಳ ಅಂತರವಿರುತ್ತದೆ. ಅಷ್ಟು ಹಿಂದಿನದನ್ನು ಹುಡುಕುವುದು ನಮ್ಮ ಕಸುಬೇ ಆಗಿದೆ.

ಶ್ವಾಸಕೋಶವನ್ನು ಹೊದೆದಿರುವ ತೆಳುಪೊರೆಯಲ್ಲಿ, ಕೆಲವೊಮ್ಮೆ ಉದರದ ಒಳಪೊರೆಯಲ್ಲಿ, ಹುಟ್ಟುವ ಗಡ್ಡೆಯಿದು. ಇದರ ಮುಖ್ಯ ಕಾರಣ ಆಸ್ಬೆಸ್ಟಾಸ್, ಅಂದರೆ ನಮ್ಮ ಜನ ಹೊಂದಿಕೆಯಾಗಿ ಹೆಸರಿಟ್ಟಿರುವ ಕಲ್ನಾರು. ಅದರ ಎಳೆಗಳು ಉಸಿರಿನೊಡನೆ ಒಳಹೊಕ್ಕು ಪೊರೆಯಲ್ಲಿ ನೆಲೆಸುತ್ತವೆ. ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯ ಶಿಲಾಪಂಕ್ತಿಯಲ್ಲಿ ಕಲ್ನಾರು ಉಂಟು; ಆಂಧ್ರದ ಪುಲಿವೆಂದುಲದ ನಿಕ್ಷೇಪವು ಪ್ರಸಿದ್ಧವೇ ಆಗಿದೆ. ಆದರೆ ಹೆಚ್ಚಿನ ಜನ ಅದನ್ನು ಕಂಡಿರುವುದು ಗಣಿಯಲ್ಲಲ್ಲ, ಸಿಮೆಂಟ್ ಶೀಟಿನ ರೂಪದಲ್ಲಿ, ಮನೆಯ ಮಾಡಿನ ಮೇಲೆ.

ರೋಗಕ್ಕೂ ಕಲ್ನಾರಿಗೂ ಇರುವ ನಂಟು ಖಚಿತವಾದ ಬಗೆಯು ಗಮನಾರ್ಹವಾದುದು. ದಕ್ಷಿಣ ಆಫ್ರಿಕದ ಕಿಂಬರ್ಲಿಯಲ್ಲಿ ಸ್ಲೆಗ್ಸ್ ಎಂಬ ವೈದ್ಯರು ಕ್ಷಯರೋಗದ ಆಸ್ಪತ್ರೆಯೊಂದನ್ನು ನೋಡಿಕೊಳ್ಳುತ್ತಿದ್ದರು. ಎದೆಯಲ್ಲಿ ನೀರು ತುಂಬಿ ಬಂದವರೆಲ್ಲರಿಗೂ ಕ್ಷಯದ ಔಷಧವೇ. ಕೆಲವರಿಗೆ ಮಾತ್ರ ಅದು ಹಿಡಿಯಲಿಲ್ಲ. ಆ ಕೆಲವರು ಪಟ್ಟಣದ ಪಶ್ಚಿಮದ, ನೀಲಿ ಕಲ್ನಾರಿನ ಗಣಿಗಳಿರುವ ಸೀಮೆಯಿಂದ ಬಂದವರೆಂಬುದನ್ನು ಅವರು ಗುರುತಿಸಿದರು. ರೋಗನಿದಾನಶಾಸ್ತ್ರಜ್ಞರಾದ ವ್ಯಾಗ್ನರ್, ಎದೆಯ ಶಸ್ತ್ರವೈದ್ಯರಾದ ಮಾರ್ಚಂಡ್ ಎಂಬವರೊಡನೆ ಕೂಡಿ 1960ರಲ್ಲಿ ಅವರು 33 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಒಬ್ಬರನ್ನುಳಿದು ಮಿಕ್ಕವರಿಗೆಲ್ಲ ಕಲ್ನಾರಿನ ಸಂಪರ್ಕವಿದ್ದಿರಬೇಕೆಂದು ಕಂಡುಬಂದಿತು. ಅವರಲ್ಲಿ ಹಲವರು ಗಣಿಗಿಳಿದವರೇ ಅಲ್ಲ. ಗಣಿಯ ಮಗ್ಗುಲಲ್ಲಿ ಬಾಲ್ಯವನ್ನು ಕಳೆದವರು. 1965ರಲ್ಲಿ ಲಂಡನ್ನಿನಲ್ಲಿ ನಡೆದ ಶೋಧನೆಯಿಂದ, ಕಾರ್ಖಾನೆಯ ಆಳುಗಳ ಬಟ್ಟೆ ಒಗೆದ ಹೆಂಗಸರಿಗೂ ಈ ರೋಗ ಬಂದಿದ್ದುದು ತಿಳಿಯಿತು. ಊರು ಯಾವುದು, ಮೂವತ್ತು ವರ್ಷಗಳ ಹಿಂದೆ ಏನು ಮಾಡುತ್ತಿದ್ದಿರಿ ಎಂದು ಕೇಳಿದುದರಿಂದಲೇ ಇವೆಲ್ಲ ಹೊರಬಿದ್ದುವು.

ಇನ್ನು ಸಂಖ್ಯೆಯ ವಿಚಾರ. 2020ರ ಅಂದಾಜಿನಂತೆ ಪ್ರಪಂಚದಲ್ಲಿ ಆ ವರ್ಷ ಸುಮಾರು 30,900 ಮಂದಿಗೆ ಹೊಸದಾಗಿ ಈ ರೋಗ ತಗುಲಿತು; 26,000ಕ್ಕೂ ಮಿಗಿಲಾದವರು ಸತ್ತರು. ಇತರ ಅರ್ಬುದಗಳೊಡನೆ ಹೋಲಿಸಿದರೆ ಇದು ಅಲ್ಪವೇ. ಆದರೆ ಹಂಚಿಕೆಯನ್ನು ನೋಡಬೇಕು. ಬ್ರಿಟನ್ನೊಂದರಲ್ಲಿಯೇ ಈ ಶತಮಾನದ ಎರಡನೆಯ ದಶಕದಲ್ಲಿ ವರ್ಷಕ್ಕೆ ಸುಮಾರು 2,500 ಮಂದಿ ಇದರಿಂದ ಸತ್ತರು. ನೀಲಿ ಮತ್ತು ಕಂದು ಕಲ್ನಾರನ್ನು ಆ ದೇಶವು 1985ರಲ್ಲಿಯೂ ಬಿಳಿಯದನ್ನು 1999ರಲ್ಲಿಯೂ ನಿಷೇಧಿಸಿತ್ತು. ಸತ್ತವರು ಅದಕ್ಕೆ ಮುಂಚಿನ ಹಡಗುಕಟ್ಟೆಗಳ, ಕಟ್ಟಡಗಳ ಕೆಲಸಗಾರರು. ಭಾರತವು 1986ರಲ್ಲಿ ಹೊಸ ಗಣಿಗುತ್ತಿಗೆಗಳನ್ನು ನಿಲ್ಲಿಸಿತಾದರೂ ಆಮದನ್ನು ನಿಲ್ಲಿಸಲಿಲ್ಲ. 2010ರ ದಶಕದಲ್ಲಿ ವರ್ಷವರ್ಷವೂ ಮೂರು ಲಕ್ಷ ಟನ್ನುಗಳ ಮೇಲ್ಪಟ್ಟು ಬಿಳಿಯ ಕಲ್ನಾರು ಈ ದೇಶಕ್ಕೆ ಬಂದಿತು. ಬಿಳಿಯದು ನಿರಪಾಯವೆಂಬ ವಾದವುಂಟು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಮಂಡಲಿಯು ಎಲ್ಲ ಬಗೆಯ ಕಲ್ನಾರೂ ಮೆಸೊಥೆಲಿಯೋಮಾಕ್ಕೆ ಕಾರಣವೆಂದು ತೀರ್ಮಾನಿಸಿರುವುದರಿಂದ ಆ ವಾದವನ್ನು ನಾವು ಒಪ್ಪಲಾರೆವು.

ಹಾಗಾದರೆ ನಮ್ಮಲ್ಲಿ ರೋಗಿಗಳು ಅಷ್ಟಾಗಿ ಕಾಣದಿರುವುದೇಕೆ? ನಮ್ಮ ಅಭಿಪ್ರಾಯದಲ್ಲಿ ಉತ್ತರವಿರುವುದು ಬಹುಮಟ್ಟಿಗೆ ದಫ್ತರದಲ್ಲಿ. 1982ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಜನಸಂಖ್ಯಾಧಾರಿತ ಅರ್ಬುದ ದಾಖಲೆಯ ಕೆಲಸ ನಡೆದಿದೆ. ಅದರ ಎಲ್ಲೆ ಬೆಂಗಳೂರು ನಗರದ ಸೀಮೆ. ಹನೂರಿನಲ್ಲಿಯೋ ಬೆಟ್ಟದ ಪೋಡಿನಲ್ಲಿಯೋ ಸತ್ತವನು ಆ ಎಲ್ಲೆಯ ಹೊರಗಿನವನು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಮರಣಗಳ ಪೈಕಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದುದು ನೂರಕ್ಕೆ ಸುಮಾರು 22ನ್ನು ಮಾತ್ರ. ಅದಲ್ಲದೆ, ಪೊರೆಯ ತುಣುಕನ್ನು ತೆಗೆದು ವಿಶೇಷ ಬಣ್ಣಗಳಿಂದ ಪರೀಕ್ಷಿಸದೆ ಈ ರೋಗವನ್ನು ನಿರ್ಧರಿಸುವುದು ಕಷ್ಟ. ಎದೆಯಲ್ಲಿ ನೀರು ತುಂಬಿದರೆ ಇಲ್ಲಿಯೂ ಮೊದಲ ಊಹೆ ಕ್ಷಯವೇ, ಮತ್ತು ಬಹುಸಲ ಆ ಊಹೆ ಸರಿಯಾದುದೂ ಹೌದು; ತಪ್ಪಾದ ಸಲ ಏನಾಗುತ್ತದೆಂಬುದೇ ಪ್ರಶ್ನೆ. ಕ್ಷಯವನ್ನು ಎಣಿಸಲು ಸರಕಾರವು ಮನಸ್ಸು ಮಾಡಿತು. 1959ರಲ್ಲಿಯೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತಲೆಯೆತ್ತಿತು. ಮನಸ್ಸು ಮಾಡಿದ ರೋಗಕ್ಕೆ ಅಂಕಿಗಳೂ ದೊರೆತುವು.

ರೋಗಿಯ ಮುಂದಿನ ಗತಿಯ ವಿಚಾರದಲ್ಲಿ ಸಮಾಧಾನದ ಮಾತು ಕಡಿಮೆ. ಚಿಕಿತ್ಸೆಯಿಲ್ಲದೆ ಹೋದರೆ ರೋಗ ತಿಳಿದ ಮೇಲೆ ಒಂದು ವರ್ಷ ಬದುಕುವವರು ಅರ್ಧಕ್ಕಿಂತ ಕಡಿಮೆ. 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಿಸ್ಪ್ಲಾಟಿನ್ನಿನೊಡನೆ ಪೆಮೆಟ್ರೆಕ್ಸೆಡ್ ಸೇರಿಸಿದಾಗ ಮಧ್ಯಮ ಆಯುರವಧಿಯು ಸುಮಾರು 9 ತಿಂಗಳಿಂದ 12ಕ್ಕೆ ಏರಿತು. ಶರೀರದ ರಕ್ಷಣಾಶಕ್ತಿಯನ್ನೇ ಎಚ್ಚರಿಸುವ ಎರಡು ಔಷಧಗಳ ಜೋಡಿಯು, 2021ರಲ್ಲಿ ಪ್ರಕಟವಾದಂತೆ, ಅದನ್ನು 14ರಿಂದ 18 ತಿಂಗಳಿಗೆ ಒಯ್ದಿತು. ಗಡ್ಡೆಯ ಜೀವಕೋಶಗಳ ಬಗೆಯನ್ನನುಸರಿಸಿ ಹೆಚ್ಚುಕಡಮೆಯುಂಟು. ಐದು ವರ್ಷ ಉಳಿಯುವವರು ಅಮೆರಿಕದಲ್ಲಿ ಸಹ ನೂರಕ್ಕೆ ಹನ್ನೆರಡರ ಸುಮಾರು. ಈ ಲೆಕ್ಕವೆಲ್ಲ ಹೆಸರು ಗೊತ್ತಾದ ರೋಗಿಗಳದು. ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಗುಳಿಗೆ ನುಂಗಿದವನಿಗೆ ಆ ನಾಲ್ಕು ತಿಂಗಳೂ ದಕ್ಕುವುದಿಲ್ಲ.

1995ರ ಜನವರಿ 27ರಂದು ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಉದ್ಯಮಗಳಿಗೆ ವಿಧಿಸಿದ ನಿಯಮವೊಂದನ್ನು ಚರಿತ್ರೆಯ ವಿದ್ಯಾರ್ಥಿಗಳು ತಪ್ಪದೆ ಗಮನಿಸಬೇಕು. ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ಮುಂದಿನದೋ ಅಲ್ಲಿಯವರೆಗೆ ಕಾಪಾಡಬೇಕೆಂದು ಅದು ಆಜ್ಞಾಪಿಸಿತು. ದಫ್ತರವು ರೋಗಕ್ಕಿಂತ ಮೊದಲೇ ಸಾಯಬಾರದೆಂದು ನ್ಯಾಯಾಲಯ ಅರಿತಿತ್ತು. ಆದರೆ ಕಾರ್ಖಾನೆಯ ಹಾಜರಿಪಟ್ಟಿಯಲ್ಲಿ ಇರುವವನಿಗೆ ಮಾತ್ರ ಇದು ಅನ್ವಯಿಸುತ್ತದೆ. ಕೊಳ್ಳೇಗಾಲದಿಂದಲೋ ಯಳಂದೂರಿನಿಂದಲೋ ಗಾರೆಕೆಲಸಕ್ಕೆ ಪಟ್ಟಣಗಳಿಗೆ ಹೋಗಿ, ಗರಗಸದಿಂದ ಶೀಟು ಕೊಯ್ದು, ವಯಸ್ಸಾದ ಮೇಲೆ ಕೆಮ್ಮುತ್ತ ಊರಿಗೆ ಮರಳಿದವನ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಅವನು ಯಾವ ವರ್ಷ, ಯಾವ ಊರಿನಲ್ಲಿ, ಏನು ಕೊಯ್ದನೆಂಬುದು ಅವನಿಗೂ ಅವನ ಮನೆಯವರಿಗೂ ಮಾತ್ರ ಗೊತ್ತಿರುವ ಸಂಗತಿ. ಕಾಲೇಜಿನ ವಿದ್ಯಾರ್ಥಿಯೊಬ್ಬನು ಹೋಗಿ ಕೇಳಿ ಬರೆದುಕೊಂಡರೆ ಅದೇ ಅವನ ಮೊದಲ ದಾಖಲೆಯಾದೀತು.