ಜಾಲಪುಟದ ಅತಿಥಿಗಳು

ಒಂದು ಭಾನುವಾರದ ಬೆಳಿಗ್ಗೆ ನಮ್ಮ ಮನೆಯಾಕೆ ಮೊಬೈಲಿನಲ್ಲಿ ಬೂದುಗುಂಬಳದ ಮಜ್ಜಿಗೆಹುಳಿ ಮಾಡುವ ಕ್ರಮವನ್ನು ಓದುತ್ತಿದ್ದಳು. ಕಡಲೆಬೇಳೆಯನ್ನು ನೆನೆಹಾಕುವ ಹಂತಕ್ಕೆ ಬಂದಿದ್ದಾಳೆ, ಅಷ್ಟರಲ್ಲಿ ಪುಟದ ಮೇಲೊಂದು ಚೀಟಿ ಮೂಡಿತು: ನೀವು ಇರುವ ಸ್ಥಳವನ್ನು ತಿಳಿದುಕೊಳ್ಳಬಹುದೇ?

"ರೀ, ಮಜ್ಜಿಗೆಹುಳಿಗೂ ನಾವು ಎಲ್ಲಿದ್ದೀವಿ ಅನ್ನೋದಕ್ಕೂ ಏನು ಸಂಬಂಧ?" ಎಂದು ಆಕೆ ಕೇಳಿದಳು.

ನಾನು ಮೇಷ್ಟ್ರು. 'ಗೊತ್ತಿಲ್ಲ' ಎಂಬುದು ನಮ್ಮ ವೃತ್ತಿಗೆ ಒಗ್ಗದ ಮಾತು. "ಕರಾವಳಿಯವರಾದರೆ ತೆಂಗಿನೆಣ್ಣೆಯ ಒಗ್ಗರಣೆ ಹೇಳುತ್ತದೋ ಏನೋ" ಎಂದು ಹೇಳಿ ಪಾರಾದೆ. ಆದರೆ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು. ಕೇಳಿದವರು ಯಾರು? ಅಡುಗೆ ಹೇಳಿಕೊಡುತ್ತಿದ್ದ ಪುಟವೇ? ಇಲ್ಲ, ಆ ಪುಟದೊಳಗೆ ಕುಳಿತಿದ್ದ ಬೇರೆ ಯಾರಾದರೂ ಕೇಳಿದರೇ? ಇದನ್ನು ಹುಡುಕುತ್ತ ಹೋದವನಿಗೆ ಮೂವತ್ತು ವರ್ಷಗಳ ಒಂದು ಇತಿಹಾಸವೇ ಎದುರಾಯಿತು. ಅದರ ಕೆಲವು ಪ್ರಸಂಗಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಜಾಲಪುಟವೊಂದನ್ನು ತೆರೆದಾಗ ಅದೆಲ್ಲವೂ ಒಂದೇ ಕಡೆಯಿಂದ ಬಂದುದೆಂದು ನಾವು ನಂಬುತ್ತೇವೆ. ನೆತ್ತಿಯ ಮೇಲೆ ಕಾಣುವ ಹೆಸರೂ ಒಂದೇ. ವಾಸ್ತವದಲ್ಲಿ ಅದು ನಮ್ಮ ಹಳೆಯ ಬೆಂಗಳೂರಿನ ವಠಾರದಂತೆ. ಬೀದಿಬಾಗಿಲಿನ ಮೇಲೆ ಯಜಮಾನರ ಹೆಸರು. ಒಳಗೆ ಹೋದರೆ ಎಡಗಡೆಗೊಂದು ಸಂಸಾರ, ಬಲಗಡೆಗೊಂದು ಸಂಸಾರ, ಹಿತ್ತಿಲ ಕಡೆಗೆ ಮತ್ತೊಂದು. ಲೇಖನ ಪತ್ರಿಕೆಯದು, ಅದರ ನಡುವಿನ ಚಲನಚಿತ್ರದ ತುಣುಕು ಮತ್ತೊಬ್ಬರದು, ನಕ್ಷೆ ಮೂರನೆಯವರದು, ಜಾಹೀರಾತು ಯಾರದೆಂದು ಪತ್ರಿಕೆಯವರಿಗೂ ಎಷ್ಟೋ ಸಲ ತಿಳಿಯದು. ಪುಟದೊಳಗೊಂದು ಚೌಕಟ್ಟನ್ನು ಕೊರೆದು ಅದರೊಳಗೆ ಬೇರೊಂದು ಪುಟವನ್ನೇ ಕೂರಿಸುವ ಈ ಉಪಾಯಕ್ಕೆ ಐಫ್ರೇಮ್ ಎಂದು ಹೆಸರು.

ಆದಿಯಲ್ಲಿ ಹೀಗಿರಲಿಲ್ಲ. ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬಾತ 1990ರಲ್ಲಿ ಕಟ್ಟಿದ ಜಾಲದ ಮೊದಲ ಪುಟಗಳಲ್ಲಿ ಇದ್ದದ್ದು ಬರಿಯ ಅಕ್ಷರ, ಅಕ್ಷರದಿಂದ ಅಕ್ಷರಕ್ಕೆ ಕೊಂಡಿ. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ತರುಣ ಮಾರ್ಕ್ ಆಂಡ್ರೀಸೆನ್, ಬರಹದ ನಡುವೆಯೇ ಚಿತ್ರವನ್ನು ತೋರಿಸುವ ವ್ಯವಸ್ಥೆಯಾಗಬೇಕೆಂದು ಸೂಚಿಸಿ ತನ್ನ ಮೊಸಾಯಿಕ್ ಬ್ರೌಸರಿನಲ್ಲಿ ಅದನ್ನು ಜಾರಿಗೆ ತಂದನು. ಆ ಚಿತ್ರ ಪುಟದ ಒಡೆಯನ ಯಂತ್ರದಲ್ಲಿಯೇ ಇರಬೇಕೆಂಬ ನಿಯಮವಿರಲಿಲ್ಲ. ಲೋಕದ ಯಾವ ಮೂಲೆಯಿಂದ ಬಂದರೂ ನಡೆಯುತ್ತಿತ್ತು. ಮನೆಗೆ ಮೊದಲ ಅತಿಥಿ ಬಂದದ್ದು ಹೀಗೆ. ಆದರೆ ಚಿತ್ರವೆಂಬುದು ಮೂಕ ಅತಿಥಿ. ಕೂರಿಸಿದಲ್ಲಿ ಕೂರುತ್ತದೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ಬರೆದು ಮುಗಿಸಿದ ಮೇಲೆ ಪುಟಗಳಿಗೆ ಕೈಕಾಲು ಬಂದವು. 1996ರಲ್ಲಿ ಮೈಕ್ರೋಸಾಫ್ಟಿನವರು ಐಫ್ರೇಮನ್ನು ತಂದರು. 1997ರ ಡಿಸೆಂಬರಿನಲ್ಲಿ ಅದು ಎಚ್‌ಟಿಎಂಎಲ್ 4.0 ಎಂಬ ಶಿಷ್ಟರೂಪದೊಳಕ್ಕೆ ಸೇರಿತು. ಅಲ್ಲಿಗೆ ಕೈಕಾಲುಳ್ಳ ಅತಿಥಿ ಮನೆಯೊಳಗೆ ಬಿಡಾರ ಹೂಡಿದಂತಾಯಿತು.

ಅಪಾಯ ಯಾರಿಗೂ ಕಾಣಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ನೆಟ್‌ಸ್ಕೇಪಿನವರು ತಮ್ಮ ಬ್ರೌಸರಿನ 2ನೆಯ ಆವೃತ್ತಿಯೊಂದಿಗೇ ಒಂದು ಗೋಡೆ ಎಬ್ಬಿಸಿದ್ದರು. ಒಂದು ಮೂಲದಿಂದ ಬಂದ ಪುಟ ಬೇರೊಂದು ಮೂಲದಿಂದ ಬಂದ ಪುಟದ ಒಳವಿಷಯವನ್ನು ಓದಕೂಡದು ಎಂಬುದು ಅದರ ತಾತ್ಪರ್ಯ. ಇದಕ್ಕೆ ಏಕಮೂಲ ನಿಯಮವೆನ್ನೋಣ. ನಾವು ಇಂದು ನಿರ್ಭಯವಾಗಿ ಬ್ಯಾಂಕಿನ ವ್ಯವಹಾರವನ್ನು ಬ್ರೌಸರಿನಲ್ಲಿ ಮಾಡುತ್ತಿದ್ದೇವೆಂದರೆ ಅದಕ್ಕೆ ಈ ಗೋಡೆಯೂ ಒಂದು ಕಾರಣ. ಆದರೆ ಗೋಡೆ ಕಾಯುವುದು ಒಬ್ಬರ ಪೆಟ್ಟಿಗೆಯನ್ನು ಮತ್ತೊಬ್ಬರು ತೆರೆಯದಂತೆ ಮಾತ್ರ. ವಠಾರದ ನಲ್ಲಿ, ಬಾವಿ, ಮಹಡಿಯ ಮೆಟ್ಟಿಲು ಇವು ಎಲ್ಲರಿಗೂ ಸೇರಿದವು. ಅವುಗಳನ್ನು ಯಾರು, ಯಾವಾಗ ಬಳಸಬೇಕೆಂಬ ಕಟ್ಟುಪಾಡು ಯಾವುದೂ ಇರಲಿಲ್ಲ. ಏಕೆ ಇರಬೇಕಾಗಿತ್ತು? ಆ ಕಾಲದ ಬ್ರೌಸರಿನಲ್ಲಿ ಇದ್ದ ಸೊತ್ತಾದರೂ ಎಷ್ಟು? ಹೊಸದೊಂದು ಕಿಟಕಿಯನ್ನು ತೆರೆಯುವುದು ಅಂಥ ಸೊತ್ತುಗಳಲ್ಲಿ ಒಂದು. ಅದರಿಂದ ಆದ ಉಪದ್ರವ ನಮಗೆಲ್ಲ ನೆನಪಿದೆ. ಮುಚ್ಚಿದಷ್ಟೂ ಮೇಲೇಳುವ ಆ ಜಾಹೀರಾತು ಕಿಟಕಿಗಳನ್ನು ಮೊದಲಿಗೆ ರಚಿಸಿದವರಲ್ಲಿ ಒಬ್ಬನಾದ ಈಥನ್ ಝುಕರ್‌ಮನ್, 2014ರಲ್ಲಿ 'ದಿ ಅಟ್ಲಾಂಟಿಕ್' ಪತ್ರಿಕೆಯಲ್ಲಿ ಬರೆದು ಲೋಕದ ಕ್ಷಮೆ ಕೇಳಿದನು. ತಮ್ಮ ಉದ್ದೇಶ ಒಳ್ಳೆಯದೇ ಆಗಿತ್ತೆಂದೂ ಆತ ಹೇಳಿಕೊಂಡಿದ್ದಾನೆ. ಇರಲಿ.

ಕಥೆ ನಿಜವಾಗಿ ತಿರುವು ಪಡೆಯುವುದು ದೂರವಾಣಿಯೂ ಗಣಕವೂ ಒಂದಾಗಿ ನಮ್ಮ ಜೇಬು ಸೇರಿದ ಮೇಲೆ. 2009ರಲ್ಲಿ ಫೈರ್‌ಫಾಕ್ಸ್ 3.5ರಲ್ಲಿ ಓದುಗನಿರುವ ಸ್ಥಳವನ್ನು ಪುಟಕ್ಕೆ ತಿಳಿಸುವ ಸೌಲಭ್ಯ ಬಂದಿತು. 2012ರಲ್ಲಿ ಕ್ರೋಮ್ ಬ್ರೌಸರಿನ ಮೂಲಕ ಕ್ಯಾಮರಾ, ಮೈಕುಗಳು ಪುಟಗಳ ಕೈಗೆಟುಕಿದವು. ತರುವಾಯ ಫೋನು ಯಾವ ಕಡೆಗೆ ವಾಲಿದೆ ಎಂಬುದನ್ನು ಅರಿಯುವ ಜೈರೋಸ್ಕೋಪು, ಬ್ಯಾಟರಿಯ ಅಳತೆ, ಹಣ ಪಾವತಿ ಹೀಗೆ ಒಂದೊಂದೇ ಸೇರುತ್ತ ಬಂದವು. ಬರಿಯ ನಲ್ಲಿ ಇದ್ದ ವಠಾರದಲ್ಲಿ ತಿಜೋರಿಯನ್ನೂ ತಂದು ಅಂಗಳದಲ್ಲೇ ಇಟ್ಟಂತೆ.

ಬ್ಯಾಟರಿಯ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬುದು ತಿಳಿದರೆ ಪುಟಗಳು ತಮ್ಮ ಆಡಂಬರವನ್ನು ಕಡಿಮೆ ಮಾಡಿಕೊಂಡಾವು ಎಂಬ ಸದುದ್ದೇಶದಿಂದ ಆ ಸೌಲಭ್ಯವನ್ನು ಕೊಡಲಾಗಿತ್ತು. ಇದರಿಂದ ಯಾರ ಗೋಪ್ಯಕ್ಕೂ ಹೇಳಿಕೊಳ್ಳುವಂಥ ಧಕ್ಕೆಯಿಲ್ಲ, ಆದಕಾರಣ ಓದುಗನ ಒಪ್ಪಿಗೆ ಬೇಕಿಲ್ಲ ಎಂದು ಅದರ ಕರಡಿನಲ್ಲಿಯೇ ಬರೆದಿದ್ದರು. 2015ರಲ್ಲಿ ಲುಕಾಶ್ ಒಲೆಯ್ನಿಕ್ ಮತ್ತು ಸಂಗಡಿಗರು ಈ ನಂಬಿಕೆಯನ್ನು ಪರೀಕ್ಷಿಸಿದರು. ಉಳಿದ ಶಕ್ತಿ ಇಷ್ಟು, ಮುಗಿಯಲು ಬೇಕಾದ ಸೆಕೆಂಡು ಇಷ್ಟು ಎಂಬ ಎರಡು ಅಂಕಿಗಳನ್ನು ಜೋಡಿಸಿದರೆ, ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಪುಟಗಳಿಗೆ ಹೋಗಿಬಂದವನು ಒಬ್ಬನೇ ಎಂಬುದನ್ನು ಸ್ವಲ್ಪ ಕಾಲದ ಮಟ್ಟಿಗೆ ಪತ್ತೆಹಚ್ಚಬಹುದೆಂದು ಅವರು ತೋರಿಸಿಕೊಟ್ಟರು. ಮರುವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಹತ್ತು ಲಕ್ಷ ಜಾಲತಾಣಗಳನ್ನು ಜಾಲಾಡಿದಾಗ, ಬ್ಯಾಟರಿಯನ್ನು ಈ ದುರುದ್ದೇಶಕ್ಕೇ ಬಳಸುತ್ತಿದ್ದ ಎರಡು ಸ್ಕ್ರಿಪ್ಟುಗಳು ಸಿಕ್ಕವು. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್ ಆ ಸೌಲಭ್ಯವನ್ನು ಪುಟಗಳಿಂದ ಕಿತ್ತುಕೊಂಡಿತು. ಕೊಟ್ಟ ವರವನ್ನು ಹಿಂತೆಗೆದುಕೊಂಡ ಉದಾಹರಣೆ ಪುರಾಣಗಳಲ್ಲಿಯೇ ವಿರಳ. ಬ್ರೌಸರುಗಳ ಚರಿತ್ರೆಯಲ್ಲಂತೂ ಬಹಳ ಅಪೂರ್ವ. ಜೈರೋಸ್ಕೋಪಿನ ವಿಷಯ ಇನ್ನೂ ಸೋಜಿಗದ್ದು. ಫೋನಿನ ಹತ್ತಿರ ಆಡಿದ ಮಾತಿನ ಕಂಪನ ಆ ಉಪಕರಣವನ್ನು ಮುಟ್ಟುತ್ತದೆಂದೂ, ಮೈಕಿನ ಹಂಗಿಲ್ಲದೆ ಅದರಿಂದಲೇ ಮಾತಿನ ಚೂರುಗಳನ್ನು ಒಂದಿಷ್ಟು ಗುರುತಿಸಬಹುದೆಂದೂ 2014ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಇಸ್ರೇಲಿನ ಸಂಗಾತಿಯೊಬ್ಬರೊಂದಿಗೆ ಸೇರಿ ತೋರಿಸಿದ್ದರು.

ಇಷ್ಟಾದ ಮೇಲೆ, ಪುಟದ ಒಡೆಯನಿಗೆ ತನ್ನ ಅತಿಥಿಗಳನ್ನು ಹದ್ದಿನಲ್ಲಿಡುವ ಅಧಿಕಾರ ಬೇಡವೇ ಎಂಬ ಪ್ರಶ್ನೆ ತಾನಾಗಿ ಎದ್ದಿತು. ಅದುವರೆಗೆ ಇದ್ದದ್ದು ತೇಪೆಯ ಕೆಲಸ. ಅತಿಥಿ ಇಡೀ ಪರದೆಯನ್ನು ಆವರಿಸಬೇಕಾದರೆ ಚೌಕಟ್ಟಿನ ಮೇಲೆ ಒಂದು ಪದ ಬರೆಯಬೇಕು. ಹಣ ಪಾವತಿಗೆ ಇನ್ನೊಂದು ಪದ. ಅವನನ್ನು ಪೂರ್ತಿಯಾಗಿ ಕಟ್ಟಿಹಾಕಲು ಮತ್ತೊಂದು. ಸೌಲಭ್ಯ ಹೆಚ್ಚಿದಂತೆಲ್ಲ ಪದಗಳೂ ಹೆಚ್ಚಬೇಕಾಗಿತ್ತು. 2017ರಲ್ಲಿ, ಗೂಗಲ್ ಸಂಸ್ಥೆಯ ಇಯಾನ್ ಕ್ಲೆಲೆಂಡ್ ಎಂಬವರ ಸಂಪಾದಕತ್ವದಲ್ಲಿ ರೂಪುಗೊಂಡ 'ಫೀಚರ್ ಪಾಲಿಸಿ' ಎಂಬ ಒಂದೇ ಕಟ್ಟಳೆ ಕ್ರೋಮ್ ಬ್ರೌಸರಿನಲ್ಲಿ ಜಾರಿಗೆ ಬಂದಿತು.

ಅದರ ಕ್ರಮ ಸರಳವಾದದ್ದು. ಪುಟವನ್ನು ಕಳುಹಿಸುವಾಗ ಒಡೆಯನು ಅದರ ಮುಂದೆ ಒಂದು ಸಾಲು ಬರೆದು ಕಳುಹಿಸುತ್ತಾನೆ. ಓದುಗನಿಗೆ ಅದು ಕಾಣುವುದಿಲ್ಲ. ಬ್ರೌಸರಿಗೆ ಮಾತ್ರ ಕಾಣುತ್ತದೆ. ಇಂಗ್ಲಿಷಿನಲ್ಲಿ ಹೆಡರ್ ಎನ್ನುವ ಇದನ್ನು ತಲೆಬರಹ ಎಂದು ಅನುವಾದಿಸುವ ರೂಢಿ ಇದೆ. ಕಣ್ಣಿಗೆ ಕಾಣದೆ ಎಲ್ಲವನ್ನೂ ನಿರ್ಧರಿಸುವುದರಿಂದ ಹಣೆಬರಹ ಎನ್ನುವುದೇ ಉಚಿತವೆಂದು ನನಗೆ ತೋರುತ್ತದೆ. ಆ ಸಾಲಿನಲ್ಲಿ ಸೌಲಭ್ಯದ ಹೆಸರು, ಮುಂದೆ ಸಮಚಿಹ್ನೆ, ಅದರ ಮುಂದೆ ಆವರಣದೊಳಗೆ ಅದನ್ನು ಬಳಸಲು ಅರ್ಹರಾದವರ ಹೆಸರುಗಳು. ಒಳಗೆ ಏನನ್ನೂ ಬರೆಯದೆ ಆವರಣವನ್ನು ಖಾಲಿ ಬಿಟ್ಟರೆ ಯಾರಿಗೂ ಇಲ್ಲವೆಂದು ಅರ್ಥ. ಮತ್ತೊಂದು ನಿಯಮವೂ ಉಂಟು. ಮೇಲಿನವನು ಇಲ್ಲವೆಂದದ್ದನ್ನು ಕೆಳಗಿನವನು ಹೌದೆನ್ನಲಾಗದು. ಅತಿಥಿಯು ತನಗೆ ದೊರೆಯದ ಸೌಲಭ್ಯವನ್ನು ತನ್ನ ಅತಿಥಿಗೆ ದಾನ ಮಾಡುವಂತಿಲ್ಲ.

ಮೊದಲ ಕರಡಿನಲ್ಲಿ ಚಿತ್ರಗಳ ಗಾತ್ರ ಮುಂತಾದ ವೇಗದ ವಿಚಾರಗಳನ್ನೂ ಇದರಲ್ಲಿಯೇ ತುರುಕಿದ್ದರು. ಬಳಿಕ ಅವನ್ನು ಬೇರ್ಪಡಿಸಿ, ಉಳಿದ ಭಾಗಕ್ಕೆ 2020ರಲ್ಲಿ 'ಪರ್ಮಿಶನ್ಸ್ ಪಾಲಿಸಿ' ಎಂದು ಮರುನಾಮಕರಣ ಮಾಡಿದರು. ಸಾಲಿನ ಖಾಲಿ ಆವರಣವೂ ಹೊಸ ಹೆಸರಿನೊಂದಿಗೆ ಬಂದುದೇ. 2021ರ ಜನವರಿಯಲ್ಲಿ, ಕ್ರೋಮಿನ 88ನೆಯ ಆವೃತ್ತಿಯಲ್ಲಿ ಇದು ಚಾಲ್ತಿಗೆ ಬಂದಿತು. ಕನ್ನಡದಲ್ಲಿ ಇದಕ್ಕೆ 'ಅನುಮತಿ'ಗಿಂತ 'ಅಪ್ಪಣೆ' ಒಪ್ಪುತ್ತದೆಂದು ನನ್ನ ಅಭಿಪ್ರಾಯ. 'ಅಪ್ಪಣೆ ಕೊಡಿ, ಹೋಗಿಬರುತ್ತೇನೆ' ಎನ್ನುವಾಗ ಅದು ಸಮ್ಮತಿ. 'ದೊರೆಯ ಅಪ್ಪಣೆಯಾಯಿತು' ಎನ್ನುವಾಗ ಆಜ್ಞೆ. ಈ ಒಂದು ಸಾಲಿನಲ್ಲಿ ಎರಡೂ ಇವೆ.

ಈಗ ಮಜ್ಜಿಗೆಹುಳಿಗೆ ಮರಳೋಣ. ಹಿಂದೆ ಚೌಕಟ್ಟಿನೊಳಗಿನ ಅತಿಥಿಯೇ ನೇರವಾಗಿ ಓದುಗನ ಸ್ಥಳವನ್ನು ಕೇಳಬಹುದಾಗಿತ್ತು. ಚೀಟಿಯಲ್ಲಿ ಕಾಣುತ್ತಿದ್ದುದು ಓದುಗನು ಎಂದೂ ಕೇಳರಿಯದ ಹೆಸರು. 2018ರ ಜನವರಿಯಿಂದ ಕ್ರೋಮಿನಲ್ಲಿ ಸ್ಥಳ, ಕ್ಯಾಮರಾ, ಮೈಕುಗಳನ್ನು ಒಡೆಯನು ಚೌಕಟ್ಟಿನ ಮೇಲೆ ಹೆಸರಿಸಿ ಕೊಟ್ಟ ಹೊರತು ಹೊರಗಿನ ಅತಿಥಿ ಮುಟ್ಟುವಂತಿಲ್ಲ. ಕೊಟ್ಟರೆ, ಮುಂದೆ ಚೀಟಿ ಮೂಡುವುದು ಒಡೆಯನ ಹೆಸರಿನಲ್ಲಿ. ಅಂದರೆ ಕೇಳಿದವರು ಯಾರೇ ಆಗಿರಲಿ, ಜವಾಬು ಹೇಳಬೇಕಾದವರು ಅಡುಗೆ ಪುಟದವರೇ.

ಇಲ್ಲೊಂದು ಸೂಕ್ಷ್ಮವಿದೆ. ಚೌಕಟ್ಟಿನಲ್ಲಿ ಬಂದವನು ಅತಿಥಿ. ಹೊರಗಿನವರು ಬರೆದ ಸ್ಕ್ರಿಪ್ಟನ್ನು ಒಡೆಯನು ನೇರವಾಗಿ ತನ್ನ ಪುಟದೊಳಕ್ಕೇ ತಂದುಕೊಂಡರೆ ಅದು ಅತಿಥಿಯಲ್ಲ, ದತ್ತುಮಗ. ಬ್ರೌಸರಿನ ದೃಷ್ಟಿಯಲ್ಲಿ ಅದಕ್ಕೆ ಔರಸಪುತ್ರನ ಹಕ್ಕೆಲ್ಲ ಉಂಟು. ಜಾಹೀರಾತಿನವರು, ಲೆಕ್ಕಪತ್ರದವರು ಹೆಚ್ಚಾಗಿ ಬರುವುದು ಈ ದಾರಿಯಿಂದ. ಇಂಥವನನ್ನು ತಡೆಯಬೇಕಾದರೆ ಒಡೆಯನು ಆವರಣವನ್ನು ಖಾಲಿ ಬಿಟ್ಟು ತನ್ನ ಕೈಯನ್ನೂ ಕಟ್ಟಿಕೊಳ್ಳಬೇಕು. ಮಜ್ಜಿಗೆಹುಳಿ ಹೇಳಿಕೊಡುವವನಿಗೆ ಓದುಗನ ಸ್ಥಳ ಬೇಕಿಲ್ಲ, ಹಾಗೆ ಕಟ್ಟಿಕೊಂಡರೆ ಅವನಿಗೇನೂ ನಷ್ಟವಿಲ್ಲ. ಆದರೂ ಎಷ್ಟು ಮಂದಿ ಕಟ್ಟಿಕೊಳ್ಳುತ್ತಾರೆ? ಸಾಲು ಬರೆಯುವ ಅಧಿಕಾರ ಇರುವುದು ಒಡೆಯನಿಗೆ, ತೊಂದರೆಯಾಗುವುದು ಓದುಗನಿಗೆ. ಈ ಕಟ್ಟಳೆಯ ಮುಖ್ಯ ಲೋಪ ಇದೇ ಎಂದು ನನಗನ್ನಿಸುತ್ತದೆ.

ಒಡೆಯರು ಒಟ್ಟಾಗಿ ಎದ್ದು ಆ ಸಾಲನ್ನು ಬರೆದ ಸಂದರ್ಭವೊಂದು ಬಂದೇ ಬಂದಿತು. ಅದೂ ಕಟ್ಟಳೆಯನ್ನು ಕಟ್ಟಿದ ಸಂಸ್ಥೆಯ ವಿರುದ್ಧವೇ. 2021ರ ಮಾರ್ಚ್ 30ರಂದು ಗೂಗಲ್ ಸಂಸ್ಥೆ ಫ್ಲಾಕ್ ಎಂಬ ಹೊಸ ಏರ್ಪಾಟಿನ ಪ್ರಯೋಗವನ್ನು ಪ್ರಕಟಿಸಿತು. ಓದುಗನು ನೋಡಿದ ತಾಣಗಳನ್ನು ಬ್ರೌಸರೇ ಗಮನಿಸಿ, ಅಂಥದೇ ಅಭಿರುಚಿಯ ಸಾವಿರಾರು ಜನರ ಗುಂಪಿಗೆ ಅವನನ್ನು ಸೇರಿಸುವುದು. ಜಾಹೀರಾತಿನವರು ಕೇಳಿದಾಗ ಗುಂಪಿನ ಗುರುತನ್ನು ಹೇಳುವುದು. ಒಬ್ಬೊಬ್ಬನ ಹಿಂದೆ ಬೀಳುವುದಕ್ಕಿಂತ ಇದು ಮೇಲೆಂಬುದು ಅವರ ವಾದ. ಪ್ರಯೋಗಕ್ಕೆ ಆರಿಸಿದ ದೇಶಗಳಲ್ಲಿ ಭಾರತವೂ ಒಂದು. ಅಲ್ಲಲ್ಲಿ ಕ್ರೋಮ್ ಬಳಸುವವರಲ್ಲಿ ಶೇಕಡಾ ಅರ್ಧದಷ್ಟು ಮಂದಿಯನ್ನು, ಅವರನ್ನು ಕೇಳದೆಯೇ, ಇದಕ್ಕೆ ಒಳಪಡಿಸಲಾಯಿತು. ನಮ್ಮಲ್ಲಿ ಯಾರು ಆ ಅರ್ಧದಲ್ಲಿದ್ದೆವೋ ದೇವರೇ ಬಲ್ಲ.

ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸಂಸ್ಥೆಯವರು ಇದನ್ನು ಖಂಡಿಸಿದರು. ಬ್ರೇವ್, ವಿವಾಲ್ಡಿ ಬ್ರೌಸರುಗಳು ನಿರಾಕರಿಸಿದವು. ಆಗಲೇ ಪುಟಗಳ ಒಡೆಯರಿಗೆ ಹಣೆಬರಹದ ನೆನಪಾದದ್ದು. ಫ್ಲಾಕಿಗೆ ಆ ಕಟ್ಟಳೆಯಲ್ಲಿದ್ದ ಹೆಸರು 'ಇಂಟರೆಸ್ಟ್ ಕೊಹಾರ್ಟ್'. ಆ ಹೆಸರು, ಒಂದು ಸಮಚಿಹ್ನೆ, ಒಂದು ಖಾಲಿ ಆವರಣ ಇಷ್ಟನ್ನು ಬರೆದರೆ ಆ ಪುಟಕ್ಕೆ ಬಂದ ಓದುಗನ ಭೇಟಿ ಗುಂಪಿನ ಲೆಕ್ಕಕ್ಕೆ ಸೇರದು. ಏಪ್ರಿಲಿನಲ್ಲಿ ಗಿಟ್‌ಹಬ್ ತನ್ನ ಪುಟಗಳಲ್ಲಿ ಈ ಸಾಲನ್ನು ಬರೆಯಿತು. ಅದು ಗೂಗಲಿನ ಪ್ರತಿಸ್ಪರ್ಧಿ ಮೈಕ್ರೋಸಾಫ್ಟಿನ ಒಡೆತನದ್ದೆಂಬುದನ್ನೂ ಹೇಳಿಬಿಡುವುದು ನ್ಯಾಯ. ವರ್ಡ್‌ಪ್ರೆಸ್ ಬಳಗದಲ್ಲಿ ಇದನ್ನು ಭದ್ರತೆಯ ಲೋಪವೆಂದೇ ಎಣಿಸಬೇಕೆಂಬ ಸೂಚನೆ ಬಂದು ದೊಡ್ಡ ಚರ್ಚೆಯಾಯಿತು. ಪ್ರಯೋಗ ಜುಲೈಯಲ್ಲಿ ನಿಂತಿತು. 2022ರ ಜನವರಿಯಲ್ಲಿ ಫ್ಲಾಕನ್ನು ಕೈಬಿಟ್ಟು ಟಾಪಿಕ್ಸ್ ಎಂಬ ಬೇರೊಂದನ್ನು ತಂದರು. 2025ರ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸುವುದಾಗಿ ಸಾರಿದರು. ಫ್ಲಾಕ್ ಬಿದ್ದದ್ದು ಈ ಒಂದು ಸಾಲಿನಿಂದಲೇ ಎಂದು ನಾನು ಹೇಳಲಾರೆ. ವಿರೋಧ ನಾನಾ ಕಡೆಯಿಂದ ಬಂದಿತ್ತು.

ಆ ಸಾಲನ್ನು ಅಳಿಸಲು ಮಾತ್ರ ಬಹಳ ಜನ ಮರೆತಿದ್ದಾರೆ. ಬ್ರೌಸರಿನಲ್ಲಿ ತಂತ್ರಜ್ಞರಿಗಾಗಿ ಇರುವ ಒಳಕಿಟಕಿಯನ್ನು ತೆರೆದು ನೋಡಿದರೆ ಕೆಲವು ತಾಣಗಳಲ್ಲಿ ಇಂದಿಗೂ ಹಳದಿ ಬಣ್ಣದ ಒಂದು ಎಚ್ಚರಿಕೆ ಕಾಣಸಿಗುತ್ತದೆ. 'ಇಂಟರೆಸ್ಟ್ ಕೊಹಾರ್ಟ್' ಎಂಬ ಹೆಸರಿನ ಸೌಲಭ್ಯ ಯಾವುದೂ ತನಗೆ ತಿಳಿಯದೆಂದು ಕ್ರೋಮ್ ಅಲ್ಲಿ ಹೇಳುತ್ತಿರುತ್ತದೆ.