ಪಟ್ಟಿಯ ಆಸ್ಪತ್ರೆ, ಒಪ್ಪಂದದ ದರ: ಗೂಡಲೂರಿನ ವಿಮೆ ಕೋತಗಿರಿಗೆ ಒಡ್ಡುವ ಪ್ರಶ್ನೆ

ಆರೋಗ್ಯ ವಿಮೆಯಲ್ಲಿ ನೆಟ್‌ವರ್ಕ್ ಆಸ್ಪತ್ರೆಯ ಲೆಕ್ಕಾಚಾರದ ಬಗ್ಗೆ ವಿದ್ವಾಂಸರಲ್ಲಿ ತಕರಾರಿಲ್ಲ. ವಿಮೆಯವರು ಆಯ್ದ ಆಸ್ಪತ್ರೆಗಳೊಡನೆ ಚಿಕಿತ್ಸೆಯ ದರವನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಆಸ್ಪತ್ರೆಗೆ ರೋಗಿಗಳು ಹೆಚ್ಚುತ್ತಾರೆ, ಕಾರ್ಡುದಾರರು ಹಣ ಕಟ್ಟದೆ ದಾಖಲಾಗುತ್ತಾರೆ. 2003ರಲ್ಲಿ ಕರ್ನಾಟಕದ ಸಹಕಾರಿ ರೈತರಿಗೆ ಬಂದ ಯಶಸ್ವಿನಿ, 2010ರಲ್ಲಿ ನಾಲ್ಕು ಸರ್ಕಾರಿ ವಿಮಾ ಕಂಪನಿಗಳು ಬೆಂಗಳೂರು ಮೊದಲಾದ ಮಹಾನಗರಗಳಲ್ಲಿ ತಂದ ಪಿಪಿಎನ್ (ಆದ್ಯತೆಯ ಆಸ್ಪತ್ರೆಗಳ ಜಾಲ), 2012ರ ತಮಿಳುನಾಡು ಮುಖ್ಯಮಂತ್ರಿ ವಿಮೆ ಎಲ್ಲವೂ ಇದೇ ಜಾಡಿನವು.

ನನ್ನ ಭಿನ್ನಾಭಿಪ್ರಾಯವಿರುವುದು ಎನ್. ದೇವದಾಸನ್ ಮತ್ತು ಸಂಗಡಿಗರ 2007ರ ಅಧ್ಯಯನದ ಒಂದು ವಿವರಣೆಯೊಂದಿಗೆ. ಅವರು 1992ರಲ್ಲೇ ಶುರುವಾದ ಎರಡು ಸಮುದಾಯ ವಿಮೆಗಳನ್ನು ಹೋಲಿಸಿದರು: ನೀಲಗಿರಿಯ ಗೂಡಲೂರಿನಲ್ಲಿ ಪಣಿಯ, ಬೆಟ್ಟಕುರುಂಬ ಮೊದಲಾದ ಆದಿವಾಸಿಗಳಿಗಾಗಿ ಅಕಾರ್ಡ್ ಸಂಸ್ಥೆ ನಡೆಸಿದ್ದು ಒಂದು, ಗುಜರಾತಿನ ಸ್ವಉದ್ಯೋಗಿ ಮಹಿಳೆಯರ ‘ಸೇವಾ’ (SEWA) ಸಂಘಟನೆಯದು ಇನ್ನೊಂದು. ಆಸ್ಪತ್ರೆ ಸೇರಿದ ಕುಟುಂಬಗಳಲ್ಲಿ ವಾರ್ಷಿಕ ಆದಾಯದ ಶೇ. 10ಕ್ಕೂ ಮೀರಿದ ವೆಚ್ಚಕ್ಕೆ ಸಿಲುಕಿದವು ಗೂಡಲೂರಿನಲ್ಲಿ ಶೇ. 4, ಗುಜರಾತಿನಲ್ಲಿ ಶೇ. 23. ಹೀಗೆ ಉಳಿದುಹೋದ ಹೊರೆಗೆ ಅವರು ಕಡಿಮೆ ಆದಾಯ, ವಿಮೆಯ ಕಿರಿದಾದ ಮಿತಿ, ಕೆಲವು ಕಾಯಿಲೆಗಳನ್ನು ಹೊರಗಿಟ್ಟದ್ದು, ಖಾಸಗಿ ಆಸ್ಪತ್ರೆಯ ಬಳಕೆ ಎಂದು ಕಾರಣ ಕೊಟ್ಟರು.

ಕೊನೆಯ ಕಾರಣ ನನಗೆ ಒಪ್ಪಿಗೆಯಾಗದು. ಗೂಡಲೂರಿನ ವಿಮೆದಾರರು ಹೋಗುತ್ತಿದ್ದ ಆದಿವಾಸಿ ಆಸ್ಪತ್ರೆಯೂ ಸರ್ಕಾರದ್ದಲ್ಲ. ಅದನ್ನು ನಡೆಸುವುದು ಅಶ್ವಿನಿ ಎಂಬ ಸ್ವಯಂಸೇವಾ ಸಂಸ್ಥೆ. ಆದ್ದರಿಂದ ಸರ್ಕಾರಿ–ಖಾಸಗಿ ಎಂಬ ವಿಂಗಡಣೆ ಇಲ್ಲಿ ಏನನ್ನೂ ಬಿಡಿಸಿ ಹೇಳುವುದಿಲ್ಲ. ‘ಸೇವಾ’ ಸದಸ್ಯೆ ತನಗೆ ಕಂಡ ಆಸ್ಪತ್ರೆಗೆ ಹೋಗಿ, ಕೇಳಿದಷ್ಟು ಕಟ್ಟಿ, ರಸೀದಿ ಹಿಡಿದು ಪರಿಹಾರಕ್ಕೆ ಕಾಯಬೇಕಿತ್ತು. ಗೂಡಲೂರಿನಲ್ಲಿ ವಿಮೆಯ ಮಿತಿಯೊಳಗಿನ ಬಿಲ್ಲು ರೋಗಿಯ ಕೈಗೆ ಬರುತ್ತಿರಲಿಲ್ಲ. ಆಸ್ಪತ್ರೆ ಮತ್ತು ವಿಮೆಯ ನಡುವೆಯೇ ಅದು ತೀರುತ್ತಿತ್ತು. ಆಸ್ಪತ್ರೆ ಯಾರದೆಂಬುದಕ್ಕಿಂತ, ದರ ಮೊದಲೇ ನಿಂತಿತ್ತೇ, ಬಾಕಿ ಯಾರ ತಲೆಯ ಮೇಲಿತ್ತು ಎಂಬುದೇ ಈ ಅಂತರದ ಮುಖ್ಯ ಕಾರಣವಾಗಿರಬಹುದು ಎಂಬುದು ನನ್ನ ವಾದ.

‘ಇರಬಹುದು’ ಎಂದು ಬೇಕೆಂದೇ ಬಳಸಿದ್ದೇನೆ. ಎರಡು ಜನಸಮುದಾಯಗಳ ಆದಾಯವೂ ಬದುಕೂ ಬೇರೆ. ಅಶ್ವಿನಿಗೆ ದಾನಿಗಳ ಆಸರೆಯಿತ್ತು. ಒಪ್ಪಂದದ ದರವೊಂದರಿಂದಲೇ ಹೊರೆ ಇಳಿಯಿತೆನ್ನುವಂತಿಲ್ಲ. ಒಂದೇ ಆಸ್ಪತ್ರೆಯ ‘ನೆಟ್‌ವರ್ಕ್’ ಅನ್ನು ನೂರಾರು ಆಸ್ಪತ್ರೆಗಳ ಪಟ್ಟಿಯೊಡನೆ ನೇರವಾಗಿ ತೂಗುವುದೂ ಸಲ್ಲದು. ಗೂಡಲೂರಿನಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು ರೋಗಿಯನ್ನು ಗುರುತಿಸಿ ಕಳಿಸುತ್ತಿದ್ದುದರ ಪಾಲೆಷ್ಟು ಎಂಬುದನ್ನು ಆ ಅಂಕಿಗಳಿಂದ ಬೇರ್ಪಡಿಸಲಾಗದು.

ನೀಲಗಿರಿಯದೇ ಇನ್ನೊಂದು ಊರಾದ ನಮ್ಮ ಕೋತಗಿರಿಗೆ ಈ ಕೊನೆಯ ಮಾತು ಹೆಚ್ಚು ತಟ್ಟುತ್ತದೆ. ಇಲ್ಲಿನ ಇಳಿಜಾರಿನ ಇರುಳ, ಕುರುಂಬ ಹಾಡಿಗಳಿಂದ ದೊಡ್ಡ ಚಿಕಿತ್ಸೆಗೆ ಒಂದೋ ಉದಕಮಂಡಲಕ್ಕೆ ಹತ್ತಬೇಕು, ಇಲ್ಲವೇ ಮೆಟ್ಟುಪಾಳ್ಯ ದಾಟಿ ಕೊಯಮತ್ತೂರಿಗೆ ಇಳಿಯಬೇಕು. ವಿಮೆಯ ಕಾರ್ಡು ಆಸ್ಪತ್ರೆಯ ಬಿಲ್ಲನ್ನು ಅಳಿಸಿದರೂ ಜೀಪಿನ ಬಾಡಿಗೆ, ಜೊತೆಗೆ ಹೋದವರ ಊಟ, ಕಳೆದ ಕೂಲಿ ಉಳಿಯುತ್ತವೆ. ಪಟ್ಟಿಗೆ ಇನ್ನೊಂದು ಆಸ್ಪತ್ರೆ ಸೇರಿಸುವುದರಿಂದ ಈ ಹೊರೆ ಎಷ್ಟು ತಗ್ಗೀತು, ಹಾಡಿಯಿಂದ ಜೊತೆಗೆ ಬರುವ ಕಾರ್ಯಕರ್ತೆಯಿಂದ ಎಷ್ಟು ತಗ್ಗೀತು ಎಂಬುದನ್ನು ತಿಳಿಯಲು ಇಲ್ಲಿನ ಹಾಡಿಗಳಲ್ಲೇ ಕುಟುಂಬವಾರು ಖರ್ಚಿನ ಸಮೀಕ್ಷೆ ನಡೆಯಬೇಕು.