ಕಥೋಲಿಕ ಪ್ರಾಥಮಿಕ ಶಾಲೆ ಮತ್ತು ವಿಜ್ಞಾನ ಬೋಧನೆ: ರೇಷ್ಮೆ ಸೀಮೆಯ ಹಿನ್ನೆಲೆಯಲ್ಲಿ

ಕರ್ನಾಟಕದಲ್ಲಿ ಕಥೋಲಿಕ ಸಂಸ್ಥೆಗಳ ಶಿಕ್ಷಣಸೇವೆಗೆ ಒಂದೂವರೆ ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. 1854ರಲ್ಲಿ ಗುಡ್ ಶೆಫರ್ಡ್ ಸಭೆಯ ಸನ್ಯಾಸಿನಿಯರು ಬೆಂಗಳೂರಿಗೂ 1870ರಲ್ಲಿ ಅಪೊಸ್ತಲಿಕ ಕಾರ್ಮೆಲ್ ಸಭೆಯವರು ಮಂಗಳೂರಿಗೂ ಬಂದು ಶಾಲೆಗಳನ್ನು ನಡೆಸಿದರು. 1880ರಲ್ಲಿ ಯೇಸುಸಭೆಯವರು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಈ ಪರಂಪರೆಯ ಭಾಷಾಸೇವೆ, ಸ್ತ್ರೀಶಿಕ್ಷಣಗಳನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ. ಎಳೆಯ ಮಕ್ಕಳಿಗೆ ವಿಜ್ಞಾನವನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆಯೂ ಅಷ್ಟೇ ಪರಿಶೀಲನಾರ್ಹವಾದುದು.

ಧರ್ಮಸಂಸ್ಥೆಯ ಶಾಲೆಯಲ್ಲಿ ವಿಜ್ಞಾನಕ್ಕೆ ಮತಶ್ರದ್ಧೆಯೇ ತೊಡಕೆಂಬ ಅಭಿಪ್ರಾಯವುಂಟು. ಸಂವಿಧಾನದ 28ನೆಯ ವಿಧಿಯಂತೆ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಸಮ್ಮತಿಯಿಲ್ಲದೆ ಮಗುವನ್ನು ಮತಬೋಧನೆಗೆ ಒಳಪಡಿಸುವಂತಿಲ್ಲ. ಕೊಠಾರಿ ಆಯೋಗವು (1964-66) ಶಾಲೆಯ ಮೊದಲ ಹತ್ತು ವರ್ಷ ಎಲ್ಲ ಮಕ್ಕಳಿಗೂ ವಿಜ್ಞಾನ, ಗಣಿತಗಳನ್ನು ಕಲಿಸಬೇಕೆಂದು ಸೂಚಿಸಿತು. ಮಾನವದೇಹದ ವಿಕಾಸವನ್ನು ಕುರಿತ ಸಂಶೋಧನೆಗೆ ನಿಷೇಧವಿಲ್ಲವೆಂದು ಪೋಪ್ ಹನ್ನೆರಡನೆಯ ಪಿಯುಸ್ 1950ರಲ್ಲಿಯೇ ತಿಳಿಸಿದ್ದರು. ಆದ್ದರಿಂದ ತೊಡಕನ್ನು ಬೇರೆಡೆ ಹುಡುಕಬೇಕಾಗುತ್ತದೆ; ಅದು ಪಠ್ಯಕ್ಕೂ ಮಗುವಿನ ಮನೆಗೂ ನಡುವಣ ಅಂತರದಲ್ಲಿದೆ.

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ಸೀಮೆ ಇದಕ್ಕೆ ಉತ್ತಮ ನಿದರ್ಶನ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಭಾಗ ರೇಷ್ಮೆಗೆ ಹೆಸರಾದುದು. ಹುಳು ಸಾಕುವ ಮನೆಯ ಮಗುವಿಗೆ ಕೀಟದ ಜೀವನಚಕ್ರ ಹೊಸತಲ್ಲ. ಹುಳು ನಾಲ್ಕು ಸಲ ‘ಜ್ವರ’ಕ್ಕೆ ಕೂರುವುದು, ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಡುವುದು, ಗೂಡು ಕಟ್ಟುವುದು ಎಲ್ಲವನ್ನೂ ಅದು ಕಂಡಿರುತ್ತದೆ. ಮನೆಯವರು ಹೇಳುವ ‘ಜ್ವರ’ವು ಕಾಯಿಲೆಯಲ್ಲ, ಹುಳು ಬೆಳೆಯಲು ಪೊರೆ ಕಳಚುವ ಹಂತವೆಂದು ತಿಳಿಸಿದರೆ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ಹುಳುಮನೆಯ ಹಿಂದೆ ವಿಜ್ಞಾನದ ದೀರ್ಘ ಚರಿತ್ರೆಯೂ ಇದೆ. 1865ರಿಂದ ಫ್ರಾನ್ಸಿನಲ್ಲಿ ಗಂಟುರೋಗವನ್ನು ಅಭ್ಯಸಿಸಿದ ಲೂಯಿ ಪಾಶ್ಚರ್, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವನ್ನು ರೂಪಿಸಿದರು. ರೋಗಾಣು ಕಂಡರೆ ಆ ಮೊಟ್ಟೆಗಳನ್ನು ನಾಶಪಡಿಸಲಾಗುತ್ತದೆ; ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. ಆಗಸ್ಟೀನಿಯನ್ ಸಭೆಯ ಕಥೋಲಿಕ ಪಾದ್ರಿ ಗ್ರೆಗೊರ್ ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ಅನುವಂಶೀಯತೆಯ ನಿಯಮಗಳನ್ನು 1866ರಲ್ಲಿ ಪ್ರಕಟಿಸಿದರು. ಅವು ರೇಷ್ಮೆಹುಳುವಿಗೂ ಅನ್ವಯಿಸುತ್ತವೆಂದು ಜಪಾನಿನ ಟೊಯಾಮ 1906ರಲ್ಲಿ ತೋರಿಸಿದರು. ಮೈಸೂರು ತಳಿಯ ಹೆಣ್ಣನ್ನು ದ್ವಿತಳಿಯ ಗಂಡಿನೊಡನೆ ಕೂಡಿಸಿ ಪಡೆಯುವ ಮಿಶ್ರತಳಿಯ ಹಿಂದಿರುವುದೂ ಈ ಅನುವಂಶೀಯತೆಯ ತತ್ತ್ವವೇ. ಪಾದ್ರಿಯೊಬ್ಬರ ತೋಟದ ಪ್ರಯೋಗಕ್ಕೂ ಇಲ್ಲಿನ ರೈತನ ಹುಳುತಟ್ಟೆಗೂ ಹೀಗೊಂದು ನಂಟಿದೆ. ಕಥೋಲಿಕ ಶಾಲೆಯ ಶಿಕ್ಷಕರಿಗೆ ಇದಕ್ಕಿಂತ ಸಹಜವಾದ ಪೀಠಿಕೆ ಬೇಕಿಲ್ಲ.

ಇದೇ ಉದ್ಯಮದ ಮತ್ತೊಂದು ಮುಖವನ್ನು ಮರೆಯಲಾಗದು. ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಸಿಲುಕಿದ ಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ 2003ರ ವರದಿ ದಾಖಲಿಸಿತು. ಅದರಲ್ಲಿ ಕರ್ನಾಟಕವೂ ಸೇರಿತ್ತು. ನೂಲನ್ನು ಕೈಯಾರೆ ಬಲ್ಲ ಆ ಮಕ್ಕಳಿಗೆ ಅದರ ವಿಜ್ಞಾನವನ್ನು ಕಲಿಯುವ ಅವಕಾಶವೇ ಇರಲಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿಸಿತು. ಆದರೆ ಶಾಲೆಗೆ ಬಂದ ಮಗು ತಾನು ಕಂಡ ಹುಳುವನ್ನು ಮರೆತು, ಕಾಣದ ಕೀಟದ ಹೆಸರನ್ನು ಬಾಯಿಪಾಠ ಮಾಡುವಂತಾದರೆ ಆ ಹಕ್ಕಿನ ಸಾರ್ಥಕತೆ ಅರ್ಧಕ್ಕೇ ನಿಲ್ಲುತ್ತದೆ. ಮಗುವಿನ ಮನೆಮಾತನ್ನೂ ಕಣ್ಣರಿವನ್ನೂ ಪಾಠದೊಳಕ್ಕೆ ಬರಮಾಡಿಕೊಳ್ಳುವುದರಲ್ಲಿಯೇ ಪ್ರಾಥಮಿಕ ಹಂತದ ವಿಜ್ಞಾನ ಬೋಧನೆಯ ಯಶಸ್ಸು ಅಡಗಿದೆ.